ಒದ್ದೆ ಗೋಡೆ, ಮಕ್ಕಳ ಉಬ್ಬಸ: ಬಾಡಿಗೆಗೆ ಸರ್ಕಾರ ಯಾಕೆ ಸಹಾಯ ಮಾಡಬಾರದು?

ಆಶಾ ಅಕ್ಕ, ದಾಸರಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಆಶಾ ಕಾರ್ಯಕರ್ತೆ. ದಿನಾ ಮನೆ ಮನೆ ಸುತ್ತುವ ಕೆಲಸ. ಮಳೆಗಾಲ ಹಿಡಿದರೆ ಯಾವ ಯಾವ ಮನೆ ಮಕ್ಕಳಿಗೆ ಉಬ್ಬಸ ಬರುತ್ತದೆ ಅಂತ ನಾನು ಮೊದಲೇ ಹೇಳಬಲ್ಲೆ. ಆ ಮನೆಗಳ ಗೋಡೆ ನೋಡಿದರೆ ಗೊತ್ತಾಗಿಬಿಡುತ್ತದೆ.

ಒಂದು ಮನೆ ವಿಷಯ ಹೇಳುತ್ತೇನೆ. ಮೂರು ಅಂತಸ್ತಿನ ಕಟ್ಟಡ, ಹಿಂಭಾಗದಲ್ಲಿ ಒಂದೇ ರೂಮು. ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ರೂಮಿನ ಒಂದು ಗೋಡೆಯ ಆಚೆಗೆ ಎಲ್ಲರೂ ಬಳಸುವ ಬಚ್ಚಲು. ಆ ಗೋಡೆ ಸೊಂಟದ ಎತ್ತರದವರೆಗೂ ವರ್ಷವಿಡೀ ಒದ್ದೆ. ಸುಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಬೀರು ಸರಿಸಿದರೆ ಹಿಂದೆ ಕಪ್ಪು ಬೂಷ್ಟು. ಕಿಟಕಿ ಇದೆ, ಆದರೆ ತೆಗೆದರೆ ಒಂದು ಮೊಳ ದೂರಕ್ಕೆ ಪಕ್ಕದ ಬಿಲ್ಡಿಂಗಿನ ಗೋಡೆ. ಜಾಗ ಇಲ್ಲದೆ ಮಕ್ಕಳ ಚಾಪೆ ಆ ಒದ್ದೆ ಗೋಡೆಗೇ ತಾಗಿಕೊಂಡಿರುತ್ತದೆ. ಅಡಿಗೆ ಅಲ್ಲೇ, ಬಟ್ಟೆ ಒಣಗುವುದು ಅಲ್ಲೇ, ರಾತ್ರಿ ಸೊಳ್ಳೆ ಬತ್ತಿ ಹಚ್ಚುವುದೂ ಅಲ್ಲೇ.

ಚಿಕ್ಕವನಿಗೆ ನಾಲ್ಕು ವರ್ಷ. ಉಸಿರು ಕಟ್ಟಿದಾಗ ಆಟೋದಲ್ಲಿ ಓಡುತ್ತಾರೆ, ಔಷಧಿ ಆವಿ ಕೊಡುವ ನೆಬ್ಯುಲೈಜರ್ ಹಾಕಿಸುತ್ತಾರೆ, ವಾಪಸ್ ಬಂದು ಅದೇ ಚಾಪೆ ಮೇಲೆ ಮಲಗಿಸುತ್ತಾರೆ. ಆ ತಾಯಿಗೆ "ಮನೆ ಬದಲಾಯಿಸಮ್ಮ" ಅಂತ ಹೇಳುವುದು ಸುಲಭ. ಅಡ್ವಾನ್ಸ್ ಎಲ್ಲಿಂದ ತರಬೇಕು ಅವಳು?

ನನ್ನ ಮಾತು ಇಷ್ಟೇ. ಮಗುವಿನ ಔಷಧಿಗೆ ಸರ್ಕಾರ ದುಡ್ಡು ಹಾಕುತ್ತದೆ, ಆಸ್ಪತ್ರೆ ಬೆಡ್ಡಿಗೆ ಹಾಕುತ್ತದೆ. ಆ ರೂಮಿನಿಂದ ಹೊರಗೆ ಬರುವುದಕ್ಕೂ ಹಾಕಬೇಕು. ಅದನ್ನು ಮಕ್ಕಳ ಆರೋಗ್ಯದ ಖರ್ಚು ಅಂತಲೇ ಲೆಕ್ಕಕ್ಕೆ ಹಿಡಿಯಬೇಕು. ನೀವೆಲ್ಲ ಏನಂತೀರಿ?

ಕ್ಯಾಬ್ ಡ್ರೈವರ್, ಲಗ್ಗೆರೆ

ಅಕ್ಕಾ, ನೀವು ಹೇಳಿದ ಮನೆಯಲ್ಲಿ ನಾವೂ ಇದ್ದೆವು ಅಂತಲೇ ಅಂದುಕೊಳ್ಳಿ. ನಮ್ಮದು ಮೇಲಿನ ಮಹಡಿ, ಶೀಟ್ ಮನೆ. ಬೇಸಿಗೆಯಲ್ಲಿ ಕಾವಲಿ, ಮಳೆಗಾಲದಲ್ಲಿ ಶೀಟಿನ ಸಂದಿಯಿಂದ ನೀರು. ಓನರಿಗೆ ಹೇಳಿದರೆ "ಇಷ್ಟ ಇದ್ದರೆ ಇರಿ, ಇಲ್ಲಾಂದ್ರೆ ಖಾಲಿ ಮಾಡಿ" ಅನ್ನುವ ಉತ್ತರ.

ಖಾಲಿ ಮಾಡುವುದು ಅಂದರೆ ಏನು ಅಂತ ಲೆಕ್ಕ ಕೊಡುತ್ತೇನೆ, ನೋಡಿ. ಬಾಡಿಗೆ ಏಳು ಸಾವಿರ. ಸ್ವಲ್ಪ ಗಾಳಿ ಬೆಳಕು ಇರುವ ಮನೆ ಅಂದರೆ ಹತ್ತು ಸಾವಿರದಿಂದ ಶುರು, ಅಡ್ವಾನ್ಸ್ ಎಂಬತ್ತು ಸಾವಿರ, ಒಂದು ಲಕ್ಷ. ಹಳೇ ಮನೆಯ ಅಡ್ವಾನ್ಸ್ ಕೀಲಿ ಕೊಟ್ಟ ಮೇಲೇ ಬರುವುದು. ಅದರಲ್ಲೂ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಬ್ರೋಕರ್‌ಗೆ ಒಂದು ತಿಂಗಳದ್ದು. ಟೆಂಪೋ ಬೇರೆ. ತಿಂಗಳಿಗೆ ಮೂರು ಸಾವಿರ ಜಾಸ್ತಿ ಆಗುತ್ತದಲ್ಲಾ, ಅದನ್ನು ಹೇಗಾದರೂ ಸರಿತೂಗಿಸಬಹುದು, ಇನ್ನೊಂದು ಟ್ರಿಪ್ ಹೊಡೆದರೆ ಆಯಿತು. ಒಂದೇ ಸಲ ಒಂದು ಲಕ್ಷ ಎಲ್ಲಿಂದ ತರೋದು? ನಮ್ಮಂಥವರು ಸಿಕ್ಕಿಹಾಕಿಕೊಳ್ಳುವುದು ಅಡ್ವಾನ್ಸ್‌ನಲ್ಲೇ.

ಕೊನೆಗೆ ನಾನು ಮೀಟರ್ ಬಡ್ಡಿಗೆ ಸಾಲ ಮಾಡಿ ಮನೆ ಬದಲಾಯಿಸಿದೆ. ಮಗಳ ಕೆಮ್ಮು ತುಂಬಾ ಕಡಿಮೆಯಾಗಿದೆ, ಅದು ನಿಜ. ಸಾಲ ಇನ್ನೂ ತೀರಿಲ್ಲ, ಅದೂ ನಿಜ.

ಮಕ್ಕಳ ಡಾಕ್ಟರ್, ಜಯನಗರ

ಇದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಸ್ವಲ್ಪ ಉದ್ದ ಆಗಬಹುದು, ಓದಿ.

ಮೊದಲು ಕಾರಣ. ಒದ್ದೆ ಗೋಡೆಯ ಬೂಷ್ಟು ಗಾಳಿಗೆ ಕಣ್ಣಿಗೆ ಕಾಣದ ಬೀಜಕಣ ಬಿಡುತ್ತದೆ. ಹಾಸಿಗೆ, ದಿಂಬು, ಹಳೇ ಬಟ್ಟೆ ಗಂಟಿನಲ್ಲಿ ಧೂಳಿನ ನುಸಿ ಬೆಳೆಯುತ್ತದೆ, ಅದಕ್ಕೂ ತೇವ ಬೇಕು. ಜಿರಳೆಯ ಪುಡಿ ಇನ್ನೊಂದು. ಈ ಮೂರೂ ಉಸಿರಿನ ಕೊಳವೆಯನ್ನು ಕೆರಳಿಸುತ್ತವೆ. ಮಗುವಿನ ಕೊಳವೆ ಮೊದಲೇ ಸಣ್ಣದು, ಸ್ವಲ್ಪ ಊದಿಕೊಂಡರೂ ಗೊರ ಗೊರ ಶುರು. ಐದು ಜನ ಒಂದೇ ರೂಮಿನಲ್ಲಿ ಮಲಗಿದರೆ ಒಬ್ಬರ ನೆಗಡಿ ಬೆಳಗಾಗುವಷ್ಟರಲ್ಲಿ ಎಲ್ಲರಿಗೂ. ಉಬ್ಬಸ ಇರುವ ಮಗುವಿಗೆ ಆ ನೆಗಡಿಯೇ ಆಸ್ಪತ್ರೆ ದಾರಿ ತೋರಿಸುತ್ತದೆ.

ಆಶಾ ಅಕ್ಕ ಸೊಳ್ಳೆ ಬತ್ತಿ ಅಂದರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಕಣ ಬರುತ್ತದೆ ಅಂತ ಅಳೆದಿದ್ದಾರೆ. ಕಿಟಕಿ ಮುಚ್ಚಿದ ಹತ್ತಡಿ ರೂಮಿನಲ್ಲಿ ಅದು ರಾತ್ರಿಯೆಲ್ಲ ಉರಿಯುತ್ತದೆ. ಸೊಳ್ಳೆ ಪರದೆ ಕಟ್ಟಿ. ಚಿಕ್ಕ ಮನೆಗೂ ಸರಿಹೋಗುವ ಮಡಚುವ ಪರದೆ ಬರುತ್ತದೆ.

ಈಗ ನಮ್ಮ ಊರಿನ ಲೆಕ್ಕ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20 ಸಾವಿರ ಮಕ್ಕಳ ದಾಖಲೆ ಇಟ್ಟು ನೋಡಿದ್ದರು. 1979ರಲ್ಲಿ ಉಬ್ಬಸ ಇದ್ದವರು 9%. 1999ಕ್ಕೆ 29.5%. ಶಾಲೆಗಳಲ್ಲೂ ನೋಡಿದರು. ವಾಹನ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ 11.15% ಮಕ್ಕಳಿಗೆ ಉಬ್ಬಸ. ವಾಹನ ಜಾಸ್ತಿ ಇರುವ ಕಡೆ 19.34%. ವಾಹನ ಜಾಸ್ತಿ ಇದ್ದು, ಬಡವರ ಮಕ್ಕಳೂ ಆದರೆ 31.14%. ಕೊನೆಯ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ರಸ್ತೆಯ ಹೊಗೆ ಇಬ್ಬರಿಗೂ ಒಂದೇ. ಮಿಕ್ಕ ವ್ಯತ್ಯಾಸದಲ್ಲಿ ಊಟದ್ದೂ ಪಾಲಿರಬಹುದು, ಚಿಕಿತ್ಸೆಯದ್ದೂ ಇರಬಹುದು. ಮನೆಯೊಳಗಿನ ಗಾಳಿಯ ಪಾಲು ದೊಡ್ಡದು ಅಂತ ಇಷ್ಟು ವರ್ಷದ ಅನುಭವದಿಂದ ನಾನು ಹೇಳುತ್ತೇನೆ.

ಇನ್ನು ಮನೆ ಬದಲಾದರೆ ಏನಾಗುತ್ತದೆ ಅನ್ನುವುದು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಬಡ ಕುಟುಂಬಗಳಿಗೆ ಬಾಡಿಗೆ ವೋಚರ್ (ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕಟ್ಟುವ ಚೀಟಿ) ಕೊಟ್ಟು, ಒಳ್ಳೆಯ ಬಡಾವಣೆಯಲ್ಲಿ ಮನೆ ಹುಡುಕಲು ಜೊತೆಗೆ ನಿಂತು ಸಹಾಯ ಮಾಡುವ ಕಾರ್ಯಕ್ರಮ ಇದೆ. ಉಬ್ಬಸ ಇದ್ದ 123 ಮಕ್ಕಳನ್ನು ಮನೆ ಬದಲಾಯಿಸುವ ಮೊದಲು ಮತ್ತು ನಂತರ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಉಬ್ಬಸ ಜೋರಾಗುವ ಸಂದರ್ಭಗಳು ಅರ್ಧಕ್ಕಿಂತ ಕೆಳಗೆ ಇಳಿದವು. ನಾವು ಕೊಡುವ ಸ್ಟೀರಾಯ್ಡ್ ಇನ್‌ಹೇಲರ್‌ನಿಂದ ಸಿಗುವ ಪ್ರಯೋಜನಕ್ಕೆ ಹತ್ತಿರ ಹತ್ತಿರ ಇದು.

ಅಂದಮಾತ್ರಕ್ಕೆ ಇನ್‌ಹೇಲರ್ ಬಿಡಬೇಡಿ. "ಅಭ್ಯಾಸ ಆಗಿಬಿಡುತ್ತೆ" ಅಂತ ಬಿಡಿಸುವವರು ಈಗಲೂ ಇದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ.

ತೆರಿಗೆ ಕಟ್ಟುವವನು

ಎಲ್ಲರ ಕಷ್ಟ ಅರ್ಥವಾಗುತ್ತದೆ. ಆದರೆ ಈಗಾಗಲೇ ಗೃಹಲಕ್ಷ್ಮಿ 2,000 ಬರುತ್ತಿದೆ, ಗೃಹಜ್ಯೋತಿಯಲ್ಲಿ ಕರೆಂಟು, ಅನ್ನಭಾಗ್ಯದಲ್ಲಿ ಅಕ್ಕಿ. ಇದರ ಮೇಲೆ ಬಾಡಿಗೆಯೂ ಅಂದರೆ ಎಲ್ಲಿಗೆ ನಿಲ್ಲುತ್ತದೆ? ಬಾಡಿಗೆ ಸಹಾಯ ಕೊಟ್ಟರೆ ಓನರುಗಳು ಅಷ್ಟೇ ಬಾಡಿಗೆ ಏರಿಸುತ್ತಾರೆ. ದುಡ್ಡು ಮಗುವಿಗೆ ಹೋಗುವುದಿಲ್ಲ, ಓನರ್ ಜೇಬಿಗೆ ಹೋಗುತ್ತದೆ. ಇದಕ್ಕೆ ಉತ್ತರ ಕೊಡಿ.

ಆಶಾ ಅಕ್ಕ, ದಾಸರಹಳ್ಳಿ

ಸರ್, ಗೃಹಲಕ್ಷ್ಮಿ ದುಡ್ಡು ಆ ತಾಯಿಗೆ ದೊಡ್ಡ ಆಸರೆ. ಅದು ಬಾಡಿಗೆಗೇ ಹೋಗುತ್ತದೆ, ಅದೇ ಒದ್ದೆ ರೂಮಿನ ಬಾಡಿಗೆಗೆ. ಅಲ್ಲಿಂದ ಎದ್ದು ಹೋಗಲು ಬೇಕಾದ ಇಡಿಗಂಟು ಅದರಿಂದ ಕೂಡುವುದಿಲ್ಲ.

ಅರ್ಥಶಾಸ್ತ್ರ ಮೇಷ್ಟ್ರು, ವಿಜಯನಗರ

ತೆರಿಗೆ ಕಟ್ಟುವವರ ಪ್ರಶ್ನೆ ಒಳ್ಳೆಯ ಪ್ರಶ್ನೆ. ಎಲ್ಲರಿಗೂ ಬಾಡಿಗೆ ದುಡ್ಡು ಹಂಚಿದರೆ, ಮನೆಗಳು ಅಷ್ಟೇ ಇದ್ದರೆ, ಬಾಡಿಗೆ ಏರುತ್ತದೆ. ಆ ಭಯ ಸರಿಯಾದದ್ದೇ. ಆದರೆ ಇಲ್ಲಿ ಕೇಳುತ್ತಿರುವುದು ಎಲ್ಲರಿಗೂ ಅಲ್ಲ. ಪದೇ ಪದೇ ಆಸ್ಪತ್ರೆ ಸೇರುವ ಮಗು ಇರುವ ಮನೆಗೆ. ಆ ಗುಂಪು ಚಿಕ್ಕದು.

ಮತ್ತೆ, ಸಹಾಯ ಅಂದರೆ ಹೊಸ ಮನೆಯೇ ಆಗಬೇಕಿಲ್ಲ. ಮೆಕ್ಸಿಕೋದಲ್ಲಿ 2000ದ ಹೊತ್ತಿಗೆ ಕೊವಾವಿಲಾ ಅನ್ನುವ ರಾಜ್ಯದಲ್ಲಿ ಮಣ್ಣಿನ ನೆಲ ಇದ್ದ ಮನೆಗಳಿಗೆ ಸರ್ಕಾರ ಸಿಮೆಂಟ್ ನೆಲ ಹಾಕಿಸಿಕೊಟ್ಟಿತು. ಒಂದು ಮನೆಗೆ 50 ಚದರ ಮೀಟರ್‌ವರೆಗೆ. ಸಿಮೆಂಟ್ ಕಲಸಿದ ಲಾರಿ ಬೀದಿಗೆ ಬರುತ್ತಿತ್ತು, ಮನೆಯವರೇ ಸುರಿದು ಸಮ ಮಾಡಿಕೊಳ್ಳುತ್ತಿದ್ದರು. ಆಮೇಲೆ ಅರ್ಥಶಾಸ್ತ್ರಜ್ಞರು ಅಳೆದು ನೋಡಿದರು. ಮನೆಯ ಮಣ್ಣಿನ ನೆಲವೆಲ್ಲ ಸಿಮೆಂಟ್ ಆದರೆ ಮಕ್ಕಳ ಹೊಟ್ಟೆ ಹುಳದ ಬಾಧೆ 78% ಕಡಿಮೆ, ಭೇದಿ 49% ಕಡಿಮೆ, ರಕ್ತಹೀನತೆ 81% ಕಡಿಮೆ. ಮಕ್ಕಳ ಮಾತು, ಗ್ರಹಿಕೆ ಕೂಡ ಚುರುಕಾಯಿತು. ಇಷ್ಟು ಕೆಲಸ ಮಾಡುವ ಟಾನಿಕ್ ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ.

ವಯಸ್ಸಿನ ವಿಷಯವೂ ಇದೆ. ಅಮೆರಿಕದಲ್ಲಿ 1994ರಿಂದ 1998ರವರೆಗೆ ಐದು ನಗರಗಳ 4,600 ಕುಟುಂಬಗಳನ್ನು ಲಾಟರಿ ಎತ್ತಿ, ಕೆಲವರಿಗೆ ಬಡತನ ಕಡಿಮೆ ಇರುವ ಬಡಾವಣೆಗೆ ಹೋಗಲು ಬಾಡಿಗೆ ವೋಚರ್ ಕೊಟ್ಟರು. 13 ವರ್ಷ ತುಂಬುವ ಮೊದಲೇ ಮನೆ ಬದಲಾಯಿಸಿದ ಮಕ್ಕಳು ದೊಡ್ಡವರಾದಾಗ ವೋಚರ್ ಸಿಗದ ಮನೆಗಳ ಮಕ್ಕಳಿಗಿಂತ 31% ಜಾಸ್ತಿ ಸಂಪಾದಿಸುತ್ತಿದ್ದರು. ಅದಕ್ಕಿಂತ ದೊಡ್ಡ ವಯಸ್ಸಿನಲ್ಲಿ ಹೋದವರಿಗೆ ಆ ಲಾಭ ಸಿಗಲಿಲ್ಲ. ಅಂದರೆ ಚಿಕ್ಕ ಮಕ್ಕಳಿರುವ ಮನೆಗೆ ಬೇಗ ಕೊಟ್ಟರೆ ಫಲ ಜಾಸ್ತಿ. ಅಂಥ ಮಕ್ಕಳು ಮುಂದೆ ತೆರಿಗೆಯನ್ನೂ ಕಟ್ಟುತ್ತಾರೆ ಸರ್.

ಮನೆಗೆಲಸದ ಅಮ್ಮ, ಸರ್ಜಾಪುರ ರೋಡ್ ಕಡೆ

ನನ್ನ ಮಗಳು ಟೈಪ್ ಮಾಡಿ ಕೊಡ್ತಾ ಇದ್ದಾಳೆ. ನಾನು ಹೇಳೋದನ್ನೂ ಕೇಳಿ.

ನಾವು ಸಿಟಿ ಮಧ್ಯೆ ಸ್ಲಮ್ಮಿನಲ್ಲಿದ್ದವರು. ನಮ್ಮನ್ನು ಎಬ್ಬಿಸಿ ಊರಾಚೆ ಮಹಡಿ ಮನೆ ಕೊಟ್ಟರು. ಮನೆ ಗಟ್ಟಿ ಇದೆ, ಸುಳ್ಳು ಹೇಳಬಾರದು. ಮಳೆ ಬಂದರೆ ಸೋರಲ್ಲ. ಒಳಗೇ ಕಕ್ಕಸು ಇದೆ, ಹೆಣ್ಣುಮಕ್ಕಳು ರಾತ್ರಿ ಹೊರಗೆ ಹೋಗಬೇಕಿಲ್ಲ. ಸಣ್ಣವಳಿಗೆ ಮೊದಲಿನಷ್ಟು ಕೆಮ್ಮೂ ಇಲ್ಲ.

ಆದರೆ ನಾನು ಕೆಲಸ ಮಾಡುತ್ತಿದ್ದ ಮನೆಗಳೆಲ್ಲ ಹಳೇ ಜಾಗದ ಹತ್ತಿರ. ಬೆಳಿಗ್ಗೆ ಎರಡು ಬಸ್ಸು, ಸಾಯಂಕಾಲ ಎರಡು ಬಸ್ಸು. ಮೊದಲು ಮಧ್ಯಾಹ್ನ ಬಂದು ಮಕ್ಕಳಿಗೆ ಬಿಸಿ ಅನ್ನ ಹಾಕಿ ಹೋಗುತ್ತಿದ್ದೆ. ಈಗ ಬೆಳಿಗ್ಗೆ ಮಾಡಿಟ್ಟಿದ್ದನ್ನೇ ತಣ್ಣಗೆ ತಿನ್ನುತ್ತಾರೆ, ಇಲ್ಲಾಂದ್ರೆ ಅಂಗಡಿ ಕುರುಕಲು. ದೊಡ್ಡವನು ಹೊಸ ಸ್ಕೂಲಿಗೆ ಹೊಂದಿಕೊಳ್ಳದೆ ಬಿಟ್ಟೇಬಿಟ್ಟ. ಒಂದು ಸಲ ಮಗುವಿಗೆ ರಾತ್ರಿ ಜ್ವರ ನೆತ್ತಿಗೇರಿತು. ಆಟೋದವನು ಅಷ್ಟು ದೂರ ಬರಲ್ಲ ಅಂದುಬಿಟ್ಟ. ನಮ್ಮ ಹಳೇ ಜಾಗದಲ್ಲಿ ಪಕ್ಕದ ಮನೆ ಅಜ್ಜಿ ಮಗು ನೋಡಿಕೊಳ್ಳುತ್ತಿದ್ದರು. ಆ ಅಜ್ಜಿ ಈಗ ಎಲ್ಲಿದ್ದಾರೋ ಗೊತ್ತಿಲ್ಲ.

ಮನೆ ಕೊಡಿ, ಬೇಡ ಅನ್ನಲ್ಲ. ನಮ್ಮ ಕೆಲಸದ ಹತ್ತಿರ ಕೊಡಿ.

ಅರ್ಥಶಾಸ್ತ್ರ ಮೇಷ್ಟ್ರು, ವಿಜಯನಗರ

ಅಮ್ಮಾ, ನೀವು ಹೇಳಿದ್ದನ್ನೇ ಅಹಮದಾಬಾದಿನ ಅಧ್ಯಯನ ಹೇಳುತ್ತದೆ. ಅಲ್ಲಿ 1987ರಲ್ಲಿ ಸ್ಲಮ್ಮುಗಳಲ್ಲಿದ್ದ ಬಡ ಹೆಂಗಸರಿಗೆ ಲಾಟರಿ ಎತ್ತಿ ಸಬ್ಸಿಡಿ ಮನೆ ಕೊಟ್ಟರು. ಒಳ್ಳೆ ಮನೆಗಳೇ. ಆದರೆ ಊರಿನ ನಡುವಿನಿಂದ 12 ಕಿಲೋಮೀಟರ್ ಆಚೆ. ಗೆದ್ದವರಲ್ಲಿ ಮೂರರಲ್ಲಿ ಒಂದು ಪಾಲು ಜನ ಅಲ್ಲಿಗೆ ಹೋಗಲೇ ಇಲ್ಲ. ಇನ್ನೊಂದು ಪಾಲು ಹೋಗಿ, ಕೆಲ ಕಾಲ ಇದ್ದು ಬಿಟ್ಟು ಬಂದರು. ಮನೆ ಕೈಗೆ ಬಂದು 14 ವರ್ಷ ಕಳೆದ ಮೇಲೆ ನೋಡಿದರೆ, ಲಾಟರಿ ಗೆದ್ದವರಿಗೂ ಸೋತವರಿಗೂ ಆದಾಯದಲ್ಲಾಗಲಿ ಮಕ್ಕಳ ಸ್ಥಿತಿಯಲ್ಲಾಗಲಿ ವ್ಯತ್ಯಾಸ ಇರಲಿಲ್ಲ. ನೆಂಟರು, ನೆರೆಯವರು, ಕಷ್ಟಕ್ಕೆ ಆಗುವವರು ಮಾತ್ರ ದೂರವಾಗಿದ್ದರು.

ಬೆಂಗಳೂರಿನಲ್ಲಿ ಬಡವರ ಮನೆ ಯೋಜನೆಗಳಿಗೆ ಜಾಗ ಸಿಗುವುದು ಹೊರವಲಯದಲ್ಲಿ, ಅಲ್ಲಿ ಭೂಮಿ ಅಗ್ಗ ಅಂತ. 2013ರ ಜನವರಿಯಲ್ಲಿ ಈಜಿಪುರದ ಬಡವರ ಕ್ವಾರ್ಟರ್ಸ್ ಒಡೆದು ಸುಮಾರು 1,500 ಕುಟುಂಬಗಳನ್ನು ಎಬ್ಬಿಸಿದ್ದು ಇಲ್ಲಿ ಹಲವರಿಗೆ ನೆನಪಿರಬಹುದು. ಕೋರಮಂಗಲದ ಪಕ್ಕದಲ್ಲೇ ಇದ್ದ ಜನ ಅವರು, ಅಲ್ಲಿನ ಮನೆಗಳಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಜಾಗ ತಪ್ಪಿದರೆ ಮನೆ ಎಷ್ಟು ಗಟ್ಟಿ ಇದ್ದರೂ ಮಗುವಿಗೆ ಅದರ ಪೂರ್ತಿ ಲಾಭ ಸಿಗುವುದಿಲ್ಲ. ಅದಕ್ಕೇ ನನಗೆ ಬಾಡಿಗೆ ಸಹಾಯದ ಮೇಲೆ ಒಲವು ಜಾಸ್ತಿ. ಕುಟುಂಬ ತನ್ನ ಕೆಲಸ, ಶಾಲೆ ನೋಡಿಕೊಂಡು ತಾನೇ ಜಾಗ ಆರಿಸಿಕೊಳ್ಳುತ್ತದೆ.

ನಿವೃತ್ತ ಟೀಚರ್, ಮಲ್ಲೇಶ್ವರ

ಇದು ನಮ್ಮ ಊರಿಗೆ ಹೊಸ ವಿಚಾರ ಅಲ್ಲ ಅಂತ ಹೇಳುವುದಕ್ಕೆ ಬರೆಯುತ್ತಿದ್ದೇನೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲಿ ಗಲ್ಲಿ ಗಲ್ಲಿ ಒತ್ತಾಗಿ ಮನೆ, ಗಾಳಿ ಇಲ್ಲ, ಇಲಿ ಜಾಸ್ತಿ. ಸಾವಿರಾರು ಜನ ಸತ್ತರು. ಆಗಲೇ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆ ಹಾಕಿದ್ದು. ಅಗಲವಾದ ನೇರ ರಸ್ತೆ, ಮನೆ ಸುತ್ತ ಜಾಗ, ಮನೆಗಳ ಹಿಂದೆ ಗಲೀಜು ಸಾಗಿಸಲು ಬೇರೆ ಸಂದಿ. ನಮ್ಮ ಮನೆ ಹಿಂದಿನ ಕನ್ಸರ್ವೆನ್ಸಿ ಲೇನ್ ಅದೇ. ನಂತರದ ವರ್ಷಗಳಲ್ಲಿ ದಂಡು ಪ್ರದೇಶದಲ್ಲಿ ಫ್ರೇಜರ್ ಟೌನ್ ಕಟ್ಟಿದಾಗ ಇಲಿ ನುಗ್ಗದ ಹಾಗೆ ಮನೆ ಕಟ್ಟುವ ಪ್ರಯೋಗ ಮಾಡಿದರು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಊರಲ್ಲಿವೆ.

ಕಾಯಿಲೆ ತಡೆಯಲು ಮನೆ ಬದಲಾಯಿಸಬೇಕು ಅನ್ನುವುದು ಆಗಿನ ಸರ್ಕಾರಕ್ಕೆ ಹೊಳೆದಿತ್ತು. ಆ ಬಡಾವಣೆಗಳಲ್ಲಿ ನೂರಿಪ್ಪತ್ತು ವರ್ಷದಿಂದ ಗಾಳಿ ಬೆಳಕು ಅನುಭವಿಸುತ್ತಿರುವ ನಾವು, ದಾಸರಹಳ್ಳಿಯ ಆ ಮಗುವಿಗೆ ಇದೆಲ್ಲ ಪುಕ್ಕಟೆ ಯಾಕೆ ಅಂತ ಕೇಳಬಾರದು.

ಚಿಕ್ಕ ಓನರ್, ಕಾಮಾಕ್ಷಿಪಾಳ್ಯ

ಎಲ್ಲರೂ ಓನರುಗಳನ್ನು ಬೈಯುತ್ತಿದ್ದೀರಿ, ನಮ್ಮ ಕಡೆಯದ್ದೂ ಕೇಳಿ. ಇಪ್ಪತ್ತು ಮೂವತ್ತರ ಸೈಟು. ಮಿಲ್ಲಿನ ಕೆಲಸ ಬಿಟ್ಟಾಗ ಬಂದ ದುಡ್ಡು ಹಾಕಿ, ಸಾಲ ಮಾಡಿ ನಾಲ್ಕು ಮನೆ ಕಟ್ಟಿದ್ದೇನೆ. ಬಾಡಿಗೆಯೇ ನಮ್ಮ ಪಿಂಚಣಿ. ಮೇಲಿನ ಬಾತ್‌ರೂಮಿನಿಂದ ಕೆಳಗಿನ ಮನೆಗೆ ನೀರು ಇಳಿಯುತ್ತದೆ, ನನಗೂ ಗೊತ್ತು. ಸರಿ ಮಾಡಬೇಕಾದರೆ ಮೇಲಿನ ಟೈಲ್ಸ್ ಪೂರ್ತಿ ಕೀಳಬೇಕು, ಪೈಪ್ ಬದಲಾಯಿಸಬೇಕು, ವಾಟರ್‌ಪ್ರೂಫಿಂಗ್ ಹಾಕಬೇಕು. ಮೇಸ್ತ್ರಿ ಹೇಳಿದ್ದು ಅರವತ್ತು ಸಾವಿರ. ಬರೀ ಕೆಳಗೆ ಪೇಂಟ್ ಹೊಡೆದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಬಾಡಿಗೆದಾರರಿಗೆ ಸಹಾಯ ಕೊಡಿ, ಸಂತೋಷ. ನಮ್ಮಂಥವರಿಗೆ ರಿಪೇರಿಗೆ ಕಡಿಮೆ ಬಡ್ಡಿಯಲ್ಲಿ ಸಾಲ ಕೊಡಿ. ಮೂರು ವರ್ಷ ಬಾಡಿಗೆ ಏರಿಸಬಾರದು ಅಂತ ಷರತ್ತು ಹಾಕಿ, ನಾನು ಸಹಿ ಹಾಕುತ್ತೇನೆ. ಒಂದು ಬಾತ್‌ರೂಮ್ ಸರಿಯಾದರೆ ಕೆಳಗಿನ ಮನೆಯವರು ಖಾಲಿ ಮಾಡುವ ಪ್ರಶ್ನೆಯೇ ಬರಲ್ಲ. ಮಕ್ಕಳು ಅದೇ ಸ್ಕೂಲಿಗೆ ಹೋಗಬಹುದು.

ಕ್ಯಾಬ್ ಡ್ರೈವರ್, ಲಗ್ಗೆರೆ

ಇದು ಒಳ್ಳೆ ಮಾತು ಸರ್. ನಮ್ಮ ಹಳೇ ಓನರ್ ಇಷ್ಟು ಹೇಳಿದ್ದರೆ ನಾನು ಅಲ್ಲೇ ಇರುತ್ತಿದ್ದೆ.

ವಕೀಲೆ, ಗಾಂಧಿನಗರ

ಕಾನೂನಿನ ಬಗ್ಗೆ ಸ್ವಲ್ಪ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಆ ಬೆಲೆಗೆ ಮನೆ ಎಲ್ಲಿದೆ? ಹಾಗಾಗಿ ಹೆಚ್ಚಿನ ಬಾಡಿಗೆದಾರರಿಗೆ ಉಳಿಯುವುದು ಕೈಯಲ್ಲಿರುವ ಅಗ್ರಿಮೆಂಟ್ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಆ ಹಳೇ ಕಾಯ್ದೆಯ 108ನೇ ಕಲಂನಲ್ಲಿ ಉಪಯೋಗದ ಮಾತೊಂದಿದೆ. ಓನರ್ ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. "ಮಾಡಲೇಬೇಕಾದ" ರಿಪೇರಿ ಯಾವುದು ಅನ್ನುವುದೇ ಜಗಳದ ವಿಷಯ ಆಗುವುದರಿಂದ, ಅಗ್ರಿಮೆಂಟ್ ಮಾಡುವಾಗಲೇ "ಸೋರಿಕೆ, ಒದ್ದೆ ಗೋಡೆ, ಒಳಚರಂಡಿ ರಿಪೇರಿ ಓನರ್ ಜವಾಬ್ದಾರಿ" ಅಂತ ಒಂದು ಸಾಲು ಬರೆಸಿಕೊಳ್ಳಿ. ದೂರನ್ನು ಬಾಯಲ್ಲಿ ಹೇಳಬೇಡಿ. ಫೋಟೋ ಹಾಕಿ ವಾಟ್ಸಾಪ್ ಮಾಡಿ, ತಾರೀಖು ಉಳಿಯುತ್ತದೆ.

ಅಡ್ವಾನ್ಸ್ ಬಗ್ಗೆ: ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತದೆ. ಅದು ಮಾದರಿ ಮಾತ್ರ. ಜಾರಿಗೆ ಬರಬೇಕಾದರೆ ರಾಜ್ಯ ತನ್ನದೇ ಕಾನೂನು ಮಾಡಬೇಕು. ಖಜಾನೆಯಿಂದ ಜಾಸ್ತಿ ದುಡ್ಡು ಬೇಡದ ಬೇಡಿಕೆ ಇದು, ತೆರಿಗೆ ಕಟ್ಟುವವರೂ ಒಪ್ಪಬಹುದು.

ಬ್ರಿಟನ್ನಿನ ರಾಚ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಮಗುವೊಂದು ಬೂಷ್ಟು ಹಿಡಿದ ಮನೆಯಲ್ಲಿದ್ದು, ಉಸಿರಾಟ ಕೆಟ್ಟು ತೀರಿಕೊಂಡಿತು. ಅಪ್ಪ ಅಮ್ಮ ಎಷ್ಟು ಸಲ ದೂರು ಕೊಟ್ಟಿದ್ದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು. 2025ರ ಅಕ್ಟೋಬರಿನಿಂದ ಅಲ್ಲಿ ಬಡವರಿಗೆ ಕಡಿಮೆ ಬಾಡಿಗೆಗೆ ಮನೆ ಕೊಡುವ ಸಾಮಾಜಿಕ ವಸತಿ ಸಂಸ್ಥೆಗಳು ತುರ್ತು ಅಪಾಯ ಇದ್ದರೆ 24 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಲೇಬೇಕು. ನಮ್ಮಲ್ಲಿ ಅಂಥ ಕಾನೂನಿಗೆ ಒಂದು ಮಗು ಸಾಯುವವರೆಗೆ ಕಾಯಬಾರದು.

ಯಾದಗಿರಿ ಹುಡುಗ, ಥಣಿಸಂದ್ರ

ನೀವೆಲ್ಲ ಅಗ್ರಿಮೆಂಟ್ ಅಂತೀರಿ. ನಮ್ಮ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕ ಬಂದವರು ತಗಡಿನ ಶೆಡ್‌ನಾಗ ಇರ್ತಾರ. ಖಾಲಿ ಸೈಟು ಯಾರದೋ, ತಿಂಗಳ ಬಾಡಿಗಿ ತಗೊಳ್ಳೋರು ಇನ್ಯಾರೋ. ಚೀಟಿ ಇಲ್ಲ, ರಸೀದಿ ಇಲ್ಲ. ನೆಲ ಮಣ್ಣು, ಮ್ಯಾಲ ನೀಲಿ ತಾಡಪಾಲು. ಟ್ಯಾಂಕರ್ ನೀರು ಡ್ರಮ್ಮಿನಾಗ ತುಂಬಿಡ್ತಾರ, ಅದರಾಗ ಸೊಳ್ಳಿ. ಕೂಸುಗಳಿಗೆ ವಾಂತಿ ಭೇದಿ ಬಾಳ. ಸೈಟ್ ಕೆಲಸ ಮುಗೀತು ಅಂದ್ರ ಬ್ಯಾರೆ ಕಡಿ ಹೋಗಬೇಕು. ಲಸಿಕಿ ಕಾರ್ಡು ಎಲ್ಲೋ ಕಳೀತದ, ಅಂಗನವಾಡಿ ತಪ್ಪತದ.

ಬಾಡಿಗಿ ಸಹಾಯ ಬಂದ್ರ ಮೊದಲು ಕೇಳೋದು ಅಡ್ರೆಸ್ ಪ್ರೂಫ್. ಅದು ನಮ್ಮ ಹತ್ರ ಊರಿಂದು ಅದ. ಹಂಗಾದ್ರ ನಮ್ಮ ಮಕ್ಕಳು ಈ ಯೋಜನ್ಯಾಗ ಬರ್ತಾರೋ ಇಲ್ಲೋ?

ಆಶಾ ಅಕ್ಕ, ದಾಸರಹಳ್ಳಿ

ತಮ್ಮಾ, ಬರಲೇಬೇಕು. ರೇಷನ್ ಕಾರ್ಡು ಈಗ ಎಲ್ಲಿ ಬೇಕಾದರೂ ನಡೆಯುತ್ತದೆ, ಇದೂ ಹಾಗೇ ಆಗಬೇಕು. ಮಗು ಎಲ್ಲಿ ಮಲಗುತ್ತದೋ ಆ ಜಾಗ ಲೆಕ್ಕಕ್ಕೆ ಬರಬೇಕು. ನಿಮ್ಮ ಕಡೆ ಶೆಡ್‌ಗಳಿಗೆ ಆಶಾ ಅಥವಾ ನರ್ಸಮ್ಮ ಬರುತ್ತಾರಾ? ಬರದಿದ್ದರೆ ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್"ಗೆ ಹೋಗಿ ಹೇಳಿ. ಲಸಿಕೆಗೆ ಅಡ್ರೆಸ್ ಪ್ರೂಫ್ ಬೇಕಾಗಿಲ್ಲ. ಯಾರಾದರೂ ಕೇಳಿದರೆ ಇಲ್ಲಿ ಬರೆಯಿರಿ.

ಆರ್ಕಿಟೆಕ್ಟ್, ಜೆಪಿ ನಗರ

ಹೊಸ ಮನೆ ಕಟ್ಟುವವರಿಗೆ ಒಂದು ಎಚ್ಚರಿಕೆ. ಮುಂಬೈನ ಗೋವಂಡಿ ಕಡೆ ಲಲ್ಲೂಭಾಯಿ ಕಾಂಪೌಂಡ್, ನಟ್ವರ್ ಪಾರೇಖ್ ಕಾಂಪೌಂಡ್ ಅಂತ ಪುನರ್ವಸತಿ ಕಟ್ಟಡಗಳಿವೆ. ಎರಡು ಕಟ್ಟಡಗಳ ನಡುವೆ ಮೂರು ಮೀಟರ್ ಅಷ್ಟೇ. ಕೆಳಗಿನ ಮಹಡಿಗಳಿಗೆ ಬಿಸಿಲು ಬೀಳುವುದಿಲ್ಲ, ಗಾಳಿ ಆಡುವುದಿಲ್ಲ. ಅಲ್ಲಿ ಟಿಬಿ ಜಾಸ್ತಿ ಆಗಿರುವುದಕ್ಕೂ ಕಟ್ಟಡಗಳ ಜೋಡಣೆಗೂ ನಂಟಿದೆ ಅಂತ ಅಧ್ಯಯನ ತೋರಿಸಿತು. ಸ್ಲಮ್ಮಿನಿಂದ ಬಿಡಿಸಿ ಪಕ್ಕಾ ಮನೆ ಕೊಟ್ಟರೂ ಕಾಯಿಲೆ ಹಿಂದೆಯೇ ಬಂತು.

2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಡವರ ಮನೆ ಅಂದರೆ 30 ಚದರ ಮೀಟರ್ ಒಳಗೆ ಇತ್ತು, ಸುಮಾರು 320 ಚದರ ಅಡಿ. ಅಷ್ಟರಲ್ಲೂ ಎದುರು ಬದುರು ಕಿಟಕಿ ಇಡಬಹುದು, ಅಡಿಗೆ ಮೂಲೆಗೆ ಹೊಗೆ ಹೋಗುವ ದಾರಿ ಇಡಬಹುದು, ಬಚ್ಚಲು ಗೋಡೆಯನ್ನು ಹೊರಗಡೆ ಬದಿಗೆ ಹಾಕಬಹುದು. ಬಟ್ಟೆ ಒಣಗಿಸಲು ಒಂದು ಸಣ್ಣ ಬಾಲ್ಕನಿ ಇದ್ದರೆ ಒಳಗಿನ ತೇವ ಎಷ್ಟೋ ಕಡಿಮೆ. ಇವೆಲ್ಲ ನಕ್ಷೆ ಬರೆಯುವಾಗ ಯೋಚಿಸಿದರೆ ಹೆಚ್ಚು ಖರ್ಚಿಲ್ಲ. ಕಟ್ಟಿದ ಮೇಲೆ ಏನೂ ಮಾಡಲಾಗುವುದಿಲ್ಲ.

ತೆರಿಗೆ ಕಟ್ಟುವವನು

ಮೇಷ್ಟ್ರು ಮತ್ತು ವಕೀಲರು ಹೇಳಿದ್ದು ಒಪ್ಪುವ ಹಾಗಿದೆ. ಮಗುವಿನ ಕಾಯಿಲೆ ನೋಡಿ, ಆಯ್ದ ಮನೆಗಳಿಗೆ, ಅಡ್ವಾನ್ಸ್ ರೂಪದಲ್ಲಿ ಕೊಟ್ಟು, ಮನೆ ಬಿಟ್ಟಾಗ ವಾಪಸ್ ಬರುವಂತೆ ಮಾಡಿದರೆ ದುಡ್ಡು ಪೋಲಾಗುವುದಿಲ್ಲ. ಆದರೆ ಸುಳ್ಳು ಸರ್ಟಿಫಿಕೇಟ್ ಮಾಡಿಸುವವರನ್ನು ಹೇಗೆ ತಡೆಯುತ್ತೀರಿ? ಈಗಿರುವ ಯೋಜನೆಗಳಲ್ಲಿ ಇದಕ್ಕೆ ಜಾಗ ಇದೆಯಾ?

ವಕೀಲೆ, ಗಾಂಧಿನಗರ

ಈಗ ಇರುವುದು ಇಷ್ಟು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗ 2015ರಲ್ಲಿ ಶುರುವಾಯಿತು, 2024ರಲ್ಲಿ ಎರಡನೇ ಹಂತ ಬಂತು. ವರ್ಷದ ಆದಾಯ 3 ಲಕ್ಷದ ಒಳಗಿದ್ದು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದವರಿಗೆ. ಸ್ವಂತ ಜಾಗ ಇದ್ದರೆ ಕಟ್ಟಿಕೊಳ್ಳಲು ಸಹಾಯ, ಇಲ್ಲದಿದ್ದರೆ ಕಟ್ಟಿದ ಫ್ಲಾಟ್‌ನಲ್ಲಿ ರಿಯಾಯಿತಿ. ಕೇಂದ್ರದ ಪಾಲು ಮನೆಗೆ 1.5 ಲಕ್ಷ, ರಾಜ್ಯದ್ದು ಬೇರೆ. ರಾಜ್ಯದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ ಮತ್ತು ಕೊಳಗೇರಿ ಅಭಿವೃದ್ಧಿ ಮಂಡಳಿ ಇವನ್ನು ನೋಡಿಕೊಳ್ಳುತ್ತವೆ. ಎರಡನೇ ಹಂತದಲ್ಲಿ ಬಾಡಿಗೆ ವಸತಿ ಕಟ್ಟುವುದಕ್ಕೂ ಒಂದು ವಿಭಾಗ ಇದೆ. ಆದರೆ ಅದು ಕಟ್ಟಡ ಕಟ್ಟುವವರಿಗೆ ಕೊಡುವ ಪ್ರೋತ್ಸಾಹ. ಒಂದು ಕುಟುಂಬದ ಕೈಗೆ ಬಾಡಿಗೆಗೋ ಅಡ್ವಾನ್ಸ್‌ಗೋ ಅಂತ ಬರುವ ದುಡ್ಡು ಇದರಲ್ಲಿ ಇಲ್ಲ. ಆ ಜಾಗ ಖಾಲಿ ಇದೆ. ಅದನ್ನೇ ನಾವು ಕೇಳಬೇಕು.

ಆಶಾ ಅಕ್ಕ, ದಾಸರಹಳ್ಳಿ

ಸುಳ್ಳು ಸರ್ಟಿಫಿಕೇಟ್ ಬಗ್ಗೆ ಕೇಳಿದಿರಲ್ಲ ಸರ್, ನಾವು ಮನೆಗೆ ಹೋಗಿಯೇ ಹೋಗುತ್ತೇವೆ. ಗೋಡೆ ಸುಳ್ಳು ಹೇಳುವುದಿಲ್ಲ. ಆಶಾ ನೋಡಿದ ವರದಿ ಒಂದು, ಡಾಕ್ಟರ್ ಚೀಟಿ ಒಂದು, ಎರಡೂ ಸೇರಿದರೆ ಸಾಕು.

ನಾನು ಮಾಡಬೇಕು ಅಂದುಕೊಂಡಿರುವುದು ಇದು. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ. ನಮ್ಮ ಪಾಲಿಕೆ ಕಮಿಷನರ್‌ಗೆ ಮತ್ತು ಆರೋಗ್ಯ ಅಧಿಕಾರಿಗೆ ಒಂದು ಮನವಿ. ಮೊದಲು ಒಂದೇ ವಾರ್ಡಿನಲ್ಲಿ ಮಾಡಿ ನೋಡಲಿ. ಐದು ವರ್ಷದ ಒಳಗಿನ, ಪದೇ ಪದೇ ಉಬ್ಬಸ ಬರುವ ಮಕ್ಕಳ ಮನೆ ಪಟ್ಟಿ ನಾವು ಕೊಡುತ್ತೇವೆ. ಮನೆ ರಿಪೇರಿ ಆಗುವಂಥದ್ದಾದರೆ ಓನರಿಗೆ ಸಾಲ. ಆಗದಿದ್ದರೆ ಕುಟುಂಬಕ್ಕೆ ಅಡ್ವಾನ್ಸ್, ಅದೇ ಏರಿಯಾದೊಳಗೆ ಬೇರೆ ಮನೆ. ಮುಂದಿನ ಮಳೆಗಾಲದಲ್ಲಿ ಅದೇ ಮಕ್ಕಳು ಎಷ್ಟು ಸಲ ಆಸ್ಪತ್ರೆಗೆ ಹೋದರು ಅಂತ ನೋಡಲಿ. ನಮ್ಮ ರಿಜಿಸ್ಟರ್‌ನಲ್ಲಿ ಅದು ಹೇಗೂ ಸಿಗುತ್ತದೆ.

ಡಾಕ್ಟರಮ್ಮಾ, ಚೀಟಿಯಲ್ಲಿ ಏನೇನು ಇರಬೇಕು ಹೇಳಿ. ವಕೀಲಮ್ಮಾ, ಮನವಿ ಒಮ್ಮೆ ನೋಡಿ ತಿದ್ದಿಕೊಡ್ತೀರಾ?

ವಕೀಲೆ, ಗಾಂಧಿನಗರ

ಕಳಿಸಿ, ಇವತ್ತೇ ನೋಡುತ್ತೇನೆ. ಯಾದಗಿರಿ ತಮ್ಮನ ಶೆಡ್‌ಗಳನ್ನೂ ಅದರಲ್ಲಿ ಸೇರಿಸೋಣ. ಅಗ್ರಿಮೆಂಟ್ ಇಲ್ಲದವರಿಗೆ ಆಶಾ ವರದಿಯನ್ನೇ ವಿಳಾಸದ ದಾಖಲೆ ಅಂತ ಒಪ್ಪಬೇಕು ಅಂತ ಬೇರೆ ಪ್ಯಾರಾ ಹಾಕುತ್ತೇನೆ.

ಮಕ್ಕಳ ಡಾಕ್ಟರ್, ಜಯನಗರ

ಚೀಟಿಯಲ್ಲಿ ಇಷ್ಟಿರಲಿ. ಮಗುವಿನ ವಯಸ್ಸು, ತೂಕ. ಹಿಂದಿನ ಒಂದು ವರ್ಷದಲ್ಲಿ ಎಷ್ಟು ಸಲ ನೆಬ್ಯುಲೈಸ್ ಮಾಡಿಸಿದ್ದು, ಎಷ್ಟು ಸಲ ಅಡ್ಮಿಟ್ ಆಗಿದ್ದು, ಯಾವ ತಿಂಗಳುಗಳಲ್ಲಿ. ಈಗ ಯಾವ ಇನ್‌ಹೇಲರ್, ದಿನಾ ಹಾಕುತ್ತಿದ್ದಾರಾ. ಸ್ಕೂಲ್ ಎಷ್ಟು ದಿನ ತಪ್ಪಿತು. ಊರಿಗೆ ಹೋದಾಗ ಕಡಿಮೆಯಾಗಿ, ವಾಪಸ್ ಬಂದ ಮೇಲೆ ಜಾಸ್ತಿಯಾಗುತ್ತಾ ಅಂತ ತಾಯಿಯನ್ನು ಕೇಳಿ ಬರೆಯಬೇಕು. ಮನೆಯೇ ಕಾರಣವೋ ಅಲ್ಲವೋ ಅನ್ನುವುದಕ್ಕೆ ನಮಗೆ ಸಿಗುವ ಒಳ್ಳೆಯ ಸುಳಿವು ಅದು. ಹಳೇ ಆಸ್ಪತ್ರೆ ಚೀಟಿಗಳನ್ನು ಯಾರೂ ಬಿಸಾಡಬೇಡಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.

ನಮ್ಮ ಕಡೆಯ ಇನ್ನಿಬ್ಬರು ಮಕ್ಕಳ ಡಾಕ್ಟರುಗಳ ಹತ್ತಿರ ಮಾತಾಡಿದ್ದೇನೆ, ಅವರೂ ದುಡ್ಡು ತೆಗೆದುಕೊಳ್ಳದೆ ಬರೆದುಕೊಡುತ್ತಾರೆ. ಅಕ್ಕಾ, ಆ ನಾಲ್ಕು ವರ್ಷದ ಹುಡುಗನನ್ನು ಶನಿವಾರ ಬೆಳಿಗ್ಗೆ ಕರೆದುಕೊಂಡು ಬರಲು ಹೇಳಿ. ಮೊದಲ ಚೀಟಿ ಅವನದ್ದೇ ಬರೆಯೋಣ. ಸ್ಪೇಸರ್ (ಔಷಧಿ ಸರಿಯಾಗಿ ಒಳಗೆ ಹೋಗಲು ಸಿಕ್ಕಿಸುವ ಕೊಳವೆ) ಇಲ್ಲದೆ ಇನ್‌ಹೇಲರ್ ಹಾಕುತ್ತಿದ್ದರೆ ಅದನ್ನೂ ಸರಿ ಮಾಡಿ ಕಳಿಸುತ್ತೇನೆ.